ಉಪ್ಪರಿಗೆಯಲ್ಲಿ ಶನಿವಾರ ರಾತ್ರಿ

ನನಗೆ 33. ಹೊಸನಗರ ತಾಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದು 5 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಗಂಡ, ಅತ್ತೆ, ಮಾವ, 3 ಎಕರೆ ಅಡಕೆ ತೋಟ. ಶಿವಮೊಗ್ಗದಲ್ಲಿ ಓದುವಾಗ ಗೆಳೆಯರ ಜತೆ ಟ್ರಾವೆಲರ್ ಎಂಬ ಆಟ ಹಿಡಿಯಿತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅಂತರಿಕ್ಷ ನೌಕೆಯ ಪಾತ್ರಗಳಾಗಿ ಮಾತಾಡುತ್ತಾ ದಾಳ ಹಾಕುತ್ತಾ ಆಡುವುದು. ಈಗ ಎಲ್ಲರೂ ಒಂದೊಂದು ಊರಲ್ಲಿದ್ದೇವೆ, ಶನಿವಾರ ರಾತ್ರಿ ಫೋನಿನಲ್ಲಿ ಸೇರುತ್ತೇವೆ. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಉಪ್ಪರಿಗೆಯ ಕಿಟಕಿಯಲ್ಲಿ ಮಾತ್ರ. ಕಳೆದ ತಿಂಗಳು ನಾನು "ಕ್ಯಾಪ್ಟನ್ ಸತ್ತ, ಹೆಣ ಹೊರಗೆ ಎಸೆಯೋಣ, ಯಾರಿಗೂ ಗೊತ್ತಾಗಲ್ಲ" ಅಂದದ್ದು ಕೆಳಗೆ ಮಲಗಿದ್ದ ಅತ್ತೆಗೆ ಕೇಳಿಸಿತು. ಮಾರನೇ ದಿನ ನನ್ನ ಕಪಾಟಿನಲ್ಲಿ ಅವರಿಗೆ ಮ್ಯಾಜಿಕ್ ಎಂಬ ಇನ್ನೊಂದು ಆಟದ ಕಾರ್ಡಿನ ಡಬ್ಬಿ ಸಿಕ್ಕಿತು. "ಇಸ್ಪೀಟು ಬೇರೆ ಆಡ್ತೀಯಾ?" ಎಂದು ಅತ್ತರು. ಡಬ್ಬಿ ಈಗ ಅವರ ಮರದ ಪೆಟ್ಟಿಗೆಯಲ್ಲಿದೆ. ಗಂಡ ಬೈಯಲಿಲ್ಲ, "ಅಮ್ಮಂಗೆ ಬೇಡ ಅಂದ್ರೆ ಬಿಟ್ಬಿಡು" ಎಂದರು. ಒಂದು ವರ್ಷದಲ್ಲಿ ಕಾರ್ಡಿನ ಪೊಟ್ಟಣಗಳಿಗೆ 11 ಸಾವಿರ ಖರ್ಚಾಗಿದೆ, ಅದನ್ನು ಅವರಿಗೂ ಹೇಳಿಲ್ಲ. ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಏನೂ ಮಾತಾಡಿಲ್ಲ. ಅತ್ತೆಯ ತವರಿನ ಅರ್ಧ ತೋಟ ಅವರ ಅಣ್ಣನ ಅಂದರ್ ಬಾಹರ್‌ಗೆ ಹೋಯಿತಂತೆ. ನಾನು ಎಲ್ಲ ಬಿಟ್ಟುಬಿಡಬೇಕಾ?

— ಹೆಸರು ಬೇಡ

ಹೆಣ ಎಸೆಯುವ ಸಾಲು ಓದಿ ಜೋರಾಗಿ ನಕ್ಕೆ. ಆಮೇಲೆ ನಿಮ್ಮ ಅತ್ತೆಯ ಹಾಸಿಗೆಯಲ್ಲಿ ಮಲಗಿಕೊಂಡು ಅದನ್ನೇ ಕೇಳಿಸಿಕೊಂಡೆ. ಹೊರಗೆ ಜಡಿಮಳೆ, ಕರೆಂಟಿಲ್ಲ, ತಲೆಯ ಮೇಲಿನ ಹಲಗೆ ಕಿರ್ರೆನ್ನುತ್ತಿದೆ, ಸೊಸೆ ಯಾರ ಜತೆಗೋ ಹೆಣದ ವಿಲೇವಾರಿ ಮಾತಾಡುತ್ತಿದ್ದಾಳೆ. ಇನ್ನೊಬ್ಬರ ಕಪಾಟು ತೆಗೆಯುವುದು ತಪ್ಪೇ. ಆದರೆ ಆ ತಪ್ಪನ್ನು ನಾನೂ ಮಾಡುತ್ತಿದ್ದೆ.

ಆಟ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬೈಗುಳದಂತೆ ಕಂಡೀತು. ಬೆಳಗಿನ ತಿಂಡಿ, ಶಾಲೆ, ಕೊಯ್ಲಿನ ಕಾಲದಲ್ಲಿ ಆಳುಗಳ ಊಟ, ಇಷ್ಟರ ನಡುವೆ ವಾರಕ್ಕೊಂದು ರಾತ್ರಿ ಹಳೆಯ ಸ್ನೇಹಿತರ ಜತೆ ನಗುವುದಕ್ಕೆ ಸಿಕ್ಕರೆ ಅದನ್ನು ಕಳೆದುಕೊಳ್ಳಬಾರದು. ನಮ್ಮ ಕಡೆ ಗಂಡಸರು ಸಂಜೆ ಪೇಟೆಯ ಕಟ್ಟೆಯಲ್ಲಿ ಎರಡು ತಾಸು ಅಡಕೆ ರೇಟು ಮಾತಾಡಿ ಬಂದರೆ ಯಾರೂ ಲೆಕ್ಕ ಕೇಳುವುದಿಲ್ಲ. ಈ ವಯಸ್ಸಿನಲ್ಲಿ ರಾಕೆಟ್ ಕಥೆ ಏನು ಎಂದು ಯಾರಾದರೂ ಕೇಳಿದರೆ ವಿಜ್ಞಾನದ ಟೀಚರ್ ಅಲ್ಲವಾ ಎನ್ನಿ, ಸಾಕು.

ಅಂದರ್ ಬಾಹರ್ ವಿಷಯವನ್ನು ಮಾತ್ರ ನೀವು ಪತ್ರದ ಕೊನೆಗೆ ಸುಮ್ಮನೆ ತುರುಕಿದ್ದೀರಿ. ನನಗೆ ಇಡೀ ಪತ್ರವೇ ಅಲ್ಲಿ ಕಂಡಿತು. ದೀಪಾವಳಿಯಲ್ಲಿ ಚಾಪೆ ಹಾಸಿ ಕೂತವರು ತೋಟ ಬರೆದುಕೊಟ್ಟು ಎದ್ದ ಕಥೆ ಮಲೆನಾಡಿನಲ್ಲಿ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಅಂಥ ಮನೆಯ ಹೆಣ್ಣುಮಗಳಿಗೆ ಎಲೆ ಅಂದರೆ ಎಲೆಯೇ. ಅದರ ಮೇಲೆ ರಾಜ-ರಾಣಿ ಇದ್ದಾರೋ ರೆಕ್ಕೆಯ ಹಾವಿದೆಯೋ ಎಂದು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಅವರು ಅತ್ತದ್ದು ನಿಮ್ಮ ಮೇಲಿನ ಕೋಪಕ್ಕಲ್ಲ ಮಾರಾಯ್ರೇ, ಅಣ್ಣ ನೆನಪಾಗಿ.

ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಮ್ಯಾಜಿಕ್ 1993ರಲ್ಲಿ ಬಂದದ್ದು, ಅದನ್ನು ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಗಣಿತದ ಮೇಷ್ಟರು. ಆಟ ಲೆಕ್ಕಾಚಾರದ್ದೇ. ಕನಿಷ್ಠ 60 ಎಲೆ ಜೋಡಿಸಿ ಡೆಕ್, ಅಂದರೆ ಆಡುವ ಕಟ್ಟು, ಕಟ್ಟಬೇಕು, ಬೇಸಿಕ್ ಲ್ಯಾಂಡ್ ಎಂಬ ಮೂಲ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನವು 4ಕ್ಕಿಂತ ಹೆಚ್ಚು ಕೂಡದು, ಯಾವುದು ಯಾವುದಕ್ಕೆ ಒದಗೀತು ಎಂದು ಯೋಚಿಸುವುದರಲ್ಲೇ ಅರ್ಧ ಸುಖ. ಶುರುವಿನಲ್ಲಿ ಗೆದ್ದವರು ಸೋತವರ ಒಂದು ಎಲೆ ಹೊತ್ತೊಯ್ಯುವ ಪಣದ ನಿಯಮವೂ ಇತ್ತು, ಆಮೇಲೆ ಕೈಬಿಟ್ಟರು. ಆದರೆ ಮುಚ್ಚಿದ ಪೊಟ್ಟಣ ಕೊಳ್ಳುವುದಿದೆಯಲ್ಲ, ಒಳಗೇನಿದೆ ಗೊತ್ತಿಲ್ಲ, ಈ ಸಲ ಒಳ್ಳೆಯದು ಬಂದೀತು, ಬರಲಿಲ್ಲ, ಇನ್ನೊಂದು ಒಡೆಯೋಣ. ಓಸಿ ಬರೆಸುವವರ ನಾಲಗೆಗೆ ಹತ್ತಿದ್ದೂ ಇದೇ ರುಚಿ. 11 ಸಾವಿರ ನಿಮ್ಮ ಸಂಬಳದ್ದೇ ಇರಬಹುದು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಗಿದ್ದೂ ಯಾಕೆ ಹೇಳಲಿಲ್ಲ? ಅದು ನಿಮಗೇ ಗೊತ್ತಿದೆ ಅಂದುಕೊಳ್ಳುತ್ತೇನೆ.

ಪೊಟ್ಟಣ ನಿಲ್ಲಿಸಿ. ಬೇಕೇಬೇಕಾದ ಎಲೆಯನ್ನು ಬಿಡಿಯಾಗಿ ಕೊಳ್ಳಿ. ಸಾಮಾನ್ಯ ಎಲೆಗಳಲ್ಲೇ ಆಡುವ ಪಾಪರ್ ಎಂಬ ಬಗೆಯಿದೆ, ಕೈ ಸುಡುವುದಿಲ್ಲ. ಪಂದ್ಯಕ್ಕೆ ಹೋಗದೆ ಸ್ನೇಹಿತರ ನಡುವೆ ಆಡುವುದಾದರೆ ಚೀಟಿಯಲ್ಲಿ ಹೆಸರು ಬರೆದು ಹಳೆಯ ಎಲೆಯ ಮೇಲೆ ಸಿಕ್ಕಿಸಿಕೊಂಡರೂ ಆದೀತು. ಮೊತ್ತವನ್ನು ಈ ಭಾನುವಾರವೇ ಯಜಮಾನರಿಗೆ ಹೇಳಿ, ಅತ್ತೆಯ ಹತ್ತಿರ ಮಾತಾಡುವುದಕ್ಕೆ ಮೊದಲು. ಆಮೇಲೆ ಅವರನ್ನೂ ಒಂದು ಮಾತು ಕೇಳಿ, ಅಮ್ಮನಿಗೆ ಬೇಡವೆಂದು ಅವರು ಏನೇನು ಬಿಟ್ಟಿದ್ದಾರೆ ಎಂದು. ಜಗಳದ ದನಿಯಲ್ಲಿ ಬೇಡ, ಊಟಕ್ಕೆ ಬಡಿಸುತ್ತಾ ಕೇಳಿ. ಶನಿವಾರದ ನಾಲ್ವರಲ್ಲಿ ಯಾರು ಯಾರು, ಎಲ್ಲಿಯವರು ಎಂಬುದೂ ಅವರಿಗೆ ತಿಳಿದಿರಲಿ. ಫೋನಿನಲ್ಲಿ ಒಂದು ನಮಸ್ಕಾರ ಆದರೆ ಅರ್ಧ ಗುಮಾನಿ ಅಲ್ಲಿಗೇ ಕರಗುತ್ತದೆ.

ಇನ್ನು ನಿಮ್ಮ ಮಾವ. ನೀವು ಅವರನ್ನು ಲೆಕ್ಕಕ್ಕೇ ಹಿಡಿದಿಲ್ಲವಲ್ಲ! ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದೋ ಮನೆ ಜಗುಲಿಯಲ್ಲೋ ಏನು ನಡೆಯುತ್ತದೆ? ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ಅಡಕೆ ಬೆಳೆಗಾರ ಕೂತಲ್ಲೇ ವಾಲಿಯಾಗುತ್ತಾರೆ, ಎದುರಿಗೆ ಕೂತ ಬ್ಯಾಂಕಿನ ಗುಮಾಸ್ತ ರಾಮನಾಗುತ್ತಾರೆ. ಭಾಗವತರು ಪದ ಹೇಳಿ ಕಥೆ ಮುಂದಕ್ಕೆ ನೂಕುತ್ತಾರೆ, ಇವರು ಅದರ ಮೇಲೆ ಆಶುವಾಗಿ ಮಾತು ಕಟ್ಟುತ್ತಾ ಹೋಗುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಕ್ಷತ್ರಿಯ ಧರ್ಮ ಎಂದು ಒಬ್ಬರು ಗದರಿದರೆ ಇನ್ನೊಬ್ಬರು ಆ ಕ್ಷಣಕ್ಕೆ ಹೊಳೆದ ಉತ್ತರ ಕೊಡಬೇಕು. (ನಮ್ಮಪ್ಪ ಒಮ್ಮೆ ದುರ್ಯೋಧನನ ಅರ್ಥ ಹೇಳಿ ಬಂದು ಮೂರು ದಿನ ಅದೇ ಗತ್ತಿನಲ್ಲಿ ಕಾಫಿ ಕೇಳುತ್ತಿದ್ದರು. ಅಮ್ಮ ನಾಲ್ಕನೇ ದಿನ ಕಾಫಿ ಕೊಡಲಿಲ್ಲ.)

ನೀವು ಉಪ್ಪರಿಗೆಯಲ್ಲಿ ಮಾಡುತ್ತಿರುವುದು ಬೇರೆ ಏನು? ಕಥೆ ನಡೆಸುವವರು ನಿಮ್ಮ ಭಾಗವತರು, ಹೆಣದ ಮಾತು ನಿಮ್ಮ ಅರ್ಥ. ವ್ಯತ್ಯಾಸ ಒಂದೇ. ಮಾವ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗ ಮುಗಿಯುವಾಗ ವಾಲಿ ಸಾಯಲೇಬೇಕು. ನಿಮ್ಮಲ್ಲಿ ಎರಡು ದಾಳ ಹಾಕಿ ಒಟ್ಟು 8 ಅಥವಾ ಮೇಲೆ ಬಿದ್ದರೆ ಗೆದ್ದ ಹಾಗೆ. 36 ಬಗೆಯಲ್ಲಿ ಬೀಳಬಹುದಾದ ದಾಳ 15 ಬಗೆಯಲ್ಲಿ ನಿಮ್ಮ ಪರ. ವಾಲಿ ಬದುಕಲೂಬಹುದಾದ ಪ್ರಸಂಗ ಇದೆ ಎಂದು ಮಾವನಿಗೆ ಹೇಳಿ ನೋಡಿ. ವರ್ಷ ವರ್ಷ ಸತ್ತು ಬಂದ ಮನುಷ್ಯ, ಕಿವಿ ನಿಮಿರದಿದ್ದರೆ ನನಗೆ ಬರೆಯಿರಿ. 1977ರ ಮೂಲ ಟ್ರಾವೆಲರ್‌ನಲ್ಲಿ ಪಾತ್ರ ಕಟ್ಟುವಾಗಲೇ ದಾಳ ಕೈಕೊಟ್ಟು ಪಾತ್ರ ಸಾಯುವುದೂ ಇತ್ತು, ಜಾತಕ ಬರೆಯುತ್ತಿರುವಾಗಲೇ ಆಯಸ್ಸು ಮುಗಿದ ಹಾಗೆ. ಇದನ್ನೂ ಹೇಳಿ, ನಕ್ಕಾರು.

ಕರೆಂಟು ಹೋದ ಒಂದು ಸಂಜೆ ಜಗುಲಿಯಲ್ಲಿ ನೀವೇ ಭಾಗವತರಾಗಿ. ಫೋನು ಬೇಡ, ಹಾವು-ಏಣಿ ಡಬ್ಬಿಯ ಎರಡು ದಾಳ ಸಾಕು. ನಿಯಮ ವಿವರಿಸಲು ಹೋದಿರೋ ಕೆಟ್ಟಿರಿ. ನೀವು ಟೀಚರು, ಆ ಚಪಲ ಇದ್ದೇ ಇರುತ್ತದೆ, ತಡೆದುಕೊಳ್ಳಿ. "ಗಾಳಿಯೇ ಇಲ್ಲದ ಜಾಗ, ನಾವು ಮೂರೇ ಜನ ಒಂದು ಕೋಣೆಯಲ್ಲಿದ್ದೇವೆ, ಹೊರಗಿಂದ ಯಾರೋ ಬಾಗಿಲು ಬಡೀತಿದಾರೆ, ತೆಗೆಯೋದಾ?" ಅಷ್ಟೇ ಕೇಳಿ ಸುಮ್ಮನಾಗಿ. ಮಾವ ಯಾರು ನೀನು ಎಂದು ಗತ್ತಿನಲ್ಲಿ ಕೇಳುತ್ತಾರೆ. ಅತ್ತೆ ಒಳಗಿಂದಲೇ "ತೆಗೀಬೇಡ ಮಾರಾಯ್ತಿ" ಅಂದರೆ ಅವರೂ ಆಟಕ್ಕೆ ಸೇರಿದರು ಎಂದೇ ಅರ್ಥ. ಅನ್ನಲಿಲ್ಲವೋ, ಕರೆಯಬೇಡಿ. ಎಲ್ಲರೂ ಆಡಲೇಬೇಕೆಂದೇನೂ ಇಲ್ಲ. ಮೇಲೆ ಏನು ನಡೆಯುತ್ತದೆ ಎಂದು ಅವರಿಗೆ ತಿಳಿದರಾಯಿತು. ಹತ್ತರ ಮೇಲೆ ದನಿ ತಗ್ಗಿಸುವುದು ನಿಮ್ಮ ಪಾಲಿನ ಮರ್ಯಾದೆ.

ಕಾರ್ಡಿನ ಡಬ್ಬಿಯನ್ನು ಮಾತ್ರ ಕೇಳಿ ಇಸಿದುಕೊಳ್ಳಬೇಡಿ. ಅತ್ತೆಯ ಪಕ್ಕ ಕೂತು, ಅವರ ಕೈಯಲ್ಲೇ ಪೆಟ್ಟಿಗೆ ತೆಗೆಸಿ, ಒಂದೊಂದೇ ಎಲೆ ತೋರಿಸಿ. ಇದರಲ್ಲಿ ದುಡ್ಡು ಕಟ್ಟುವುದಿಲ್ಲ ಎಂದು ಹೇಳಿ. ಪೊಟ್ಟಣದ ದುಡ್ಡಿನ ವಿಷಯವನ್ನೂ ಹೇಳಿ, ಇನ್ನು ಕೊಳ್ಳುವುದಿಲ್ಲವೆಂದೂ ಹೇಳಿ. ಅವರು ಅಣ್ಣನ ಸುದ್ದಿ ತೆಗೆದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಆ ಹೊತ್ತಿಗೆ ನಿಮ್ಮ ಹೊಳೆಯುವ ಫಾಯಿಲ್ ಎಲೆಗಳು ಮಲೆನಾಡಿನ ತೇವಕ್ಕೆ ಬಿಲ್ಲಿನಂತೆ ಬಾಗಿರುವುದು ಕಾಣುತ್ತದೆ. ಕಾಗದ ತೇವ ಕುಡಿಯುತ್ತದೆ, ಫಾಯಿಲ್ ಕುಡಿಯುವುದಿಲ್ಲ, ಅದಕ್ಕೇ ಹಾಗಾಗುವುದು. ಆಷಾಢದ ಮಳೆಯಲ್ಲಿ ಹಪ್ಪಳದ ಡಬ್ಬಿಯನ್ನು ಎಲ್ಲಿಟ್ಟರೆ ಮೆತ್ತಗಾಗುವುದಿಲ್ಲ ಎಂದು ಅವರನ್ನೇ ಕೇಳಿ, ಇದನ್ನೂ ಅಲ್ಲೇ ಇಡಿ.