ಮೊಟ್ಟೆ ಬಿಡಿ, ಆ ಕಿತ್ತಳೆ ಬಣ್ಣದ ಉಪ್ಪಿನ ಬಗ್ಗೆ ಕೇಳಿ

ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ಮೊಟ್ಟೆಯ ಹಳದಿಯಿಂದ ಫೋಟೋ ಅಚ್ಚು ಹಾಕುವ ಟೆಂಪೆರಾ ಪ್ರಿಂಟ್ ಬಗ್ಗೆ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಹತ್ತರಲ್ಲಿ ಒಂಬತ್ತು ಮೊಟ್ಟೆಯ ಬಗ್ಗೆ. ಡೈಕ್ರೋಮೇಟ್, ಅಂದರೆ ಆ ಕಿತ್ತಳೆ ಬಣ್ಣದ ಉಪ್ಪಿನ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರಿಂಟ್ ಕೆಡಿಸುವುದೂ ಅದೇ, ಮೈ ಕೆಡಿಸುವುದೂ ಅದೇ. ಹಾಗಾಗಿ ಈ ಸಲ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಮೊಟ್ಟೆಯ ಹಳದಿ, ಬಣ್ಣದ ಪುಡಿ, ಡೈಕ್ರೋಮೇಟ್ ನೀರು ಮೂರನ್ನೂ ಬೆರೆಸಿ ಹಾಳೆಗೆ ಬಳಿಯುತ್ತೇವೆ. ಒಣಗಿದ ಮೇಲೆ ನೆಗೆಟಿವ್ ಇಟ್ಟು ಬೆಳಕು ಕೊಡುತ್ತೇವೆ. ಬೆಳಕು ಬಿದ್ದ ಕಡೆ ಹಳದಿ ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದು ನೀರಲ್ಲಿ ಬಿಡುತ್ತದೆ. ಇಷ್ಟು ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ. ನೆಗೆಟಿವ್ ಮಾಡುವುದು, ಹಳದಿ ಬಿಳಿ ಬೇರೆ ಮಾಡುವುದು ಇವನ್ನೆಲ್ಲ ಮತ್ತೆ ಹೇಳುವುದಿಲ್ಲ.

ನಾಟಿ ಕೋಳಿ ಮೊಟ್ಟೆಯೇ ಆಗಬೇಕಾ? ಫಾರಂ ಮೊಟ್ಟೆಯ ಹಳದಿ ತೆಳು ಬಣ್ಣ ಇರುತ್ತದಲ್ಲ? (ಗೋಣಿಕೊಪ್ಪ)

ಯಾವುದಾದರೂ ಆಗುತ್ತದೆ. ಹಳದಿಯ ಬಣ್ಣ ಕೋಳಿ ತಿಂದ ಮೇವಿನಿಂದ ಬರುತ್ತದೆ. ಅದಕ್ಕೂ ಗಟ್ಟಿಯಾಗುವುದಕ್ಕೂ ಸಂಬಂಧ ಇಲ್ಲ.

ಫೆಬ್ರವರಿಯಲ್ಲಿ ಪ್ರಿಂಟ್ ತುಂಬಾ ಚೆನ್ನಾಗಿ ಬಂದಿತ್ತು. ಅದೇ ಅಳತೆ, ಅದೇ ಹಾಳೆ, ಅದೇ ಬಣ್ಣ. ಜುಲೈಯಲ್ಲಿ ಮಾಡಿದರೆ ಬಣ್ಣ ತೊಳೆದು ಹೋಗುವುದೇ ಇಲ್ಲ, ಹಾಳೆ ಪೂರ್ತಿ ಕಂದು. ಬಿಸಿಲಿಲ್ಲ ಅಂತ ಹಾಳೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ಮಾರನೇ ದಿನ ಹೊರಗೆ ಮೂರು ಗಂಟೆ ಇಟ್ಟಿದ್ದೆ. ಮೊಟ್ಟೆ ಹಳೆಯದಾಗಿತ್ತಾ? (ಸೋಮವಾರಪೇಟೆ)

ಮೊಟ್ಟೆಯ ತಪ್ಪು ಏನೂ ಇಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ.

ಮೊದಲು ಅಟ್ಟದ ವಿಷಯ. ದಯವಿಟ್ಟು ಇನ್ನು ಮುಂದೆ ಹಾಗೆ ಮಾಡಬೇಡಿ. ಒಳ್ಳೆಮೆಣಸು ಒಣಗಿಸುವ, ಕೆಳಗೆ ಅನ್ನ ಬೇಯುವ ಜಾಗದ ಮೇಲೆ ಡೈಕ್ರೋಮೇಟ್ ಬಳಿದ ಹಾಳೆ ಇಡುವುದು ಅಂದರೆ ಏನು? ಅದು ಆರು ವೇಲೆನ್ಸಿಯ ಕ್ರೋಮಿಯಂ. ಕ್ಯಾನ್ಸರ್ ತರುತ್ತದೆ ಅಂತ ಸಂದೇಹವಿಲ್ಲದೆ ಸಾಬೀತಾದ ವಸ್ತು. ಪುಡಿಯಾಗಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ. ಚರ್ಮಕ್ಕೆ ಒಮ್ಮೆ ಅಲರ್ಜಿ ಅಂಟಿತು ಅಂದರೆ ಜೀವಮಾನ ಪೂರ್ತಿ ಬಿಡುವುದಿಲ್ಲ. ಸಿಮೆಂಟ್ ಕೆಲಸದವರ ಕೈ ಒಡೆದು ತುರಿಸುವುದನ್ನು ನೋಡಿದ್ದೀರಲ್ಲ, ಅದಕ್ಕೆ ಸಿಮೆಂಟಿನಲ್ಲಿರುವ ಇದೇ ಕ್ರೋಮೇಟ್ ಒಂದು ದೊಡ್ಡ ಕಾರಣ.

ಈಗ ಪ್ರಿಂಟಿನ ವಿಷಯ. ಬೆಳಕು ಬಿದ್ದಾಗ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ. ಆ ಮೂರರದ್ದು ಹಳದಿಯಲ್ಲಿರುವ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆಮೇಲೆ ಅದು ನೀರಲ್ಲಿ ಕರಗುವುದಿಲ್ಲ. ಆದರೆ ಈ ಕೆಲಸಕ್ಕೆ ಬೆಳಕೇ ಬೇಕು ಅಂತ ಇಲ್ಲ. ಡೈಕ್ರೋಮೇಟ್ ಬಳಿದ ಹಾಳೆ ಒಣಗಿದ ಕ್ಷಣದಿಂದ ಕತ್ತಲಲ್ಲೂ ತನ್ನಷ್ಟಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಒಣ ಹವೆಯಲ್ಲಿ ನಿಧಾನ. ಬಿಸಿ ಜಾಸ್ತಿಯಾದರೆ ಬೇಗ. ತೇವ ಜಾಸ್ತಿಯಾದರೆ ಇನ್ನೂ ಬೇಗ. ಬೆಳಕು ಕೊಟ್ಟಾದ ಮೇಲೂ ಇದು ನಿಲ್ಲುವುದಿಲ್ಲ, ನೀರಿಗೆ ಹಾಕುವ ತನಕ ನಡೆಯುತ್ತಲೇ ಇರುತ್ತದೆ.

ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ನಮ್ಮ ಮನೆಗಳಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಅಂಥ ಹವೆಯಲ್ಲಿ ಹಾಳೆಯನ್ನು ಒಲೆ ಬಿಸಿಗೆ ಹಿಡಿದಿರಿ, ರಾತ್ರಿಯೆಲ್ಲ ಇಟ್ಟಿರಿ, ಮಾರನೇ ದಿನ ಮೋಡದ ಕೆಳಗೆ ಮೂರು ಗಂಟೆ. ನೆಗೆಟಿವ್ ಇಡುವ ಮೊದಲೇ ಹಾಳೆ ಅರ್ಧಕ್ಕರ್ಧ ಗಟ್ಟಿಯಾಗಿತ್ತು. ತೊಳೆದರೆ ಏನು ಬಿಡುತ್ತದೆ?

ಆದರೂ ಕಂದು ಕಲೆಗೆ ಇದೊಂದೇ ಕಾರಣ ಅಂತ ನಂಬಿ ಕೂರಬೇಡಿ. ಪರೀಕ್ಷೆ ಮಾಡಿ. ಅದೇ ಹಾಳೆಯಿಂದ ಎರಡು ಬೆರಳಗಲದ ಮೂರು ಪಟ್ಟಿ ಕತ್ತರಿಸಿ. ಒಂದನೆಯದಕ್ಕೆ ಹಳದಿ ಮತ್ತು ಬಣ್ಣ ಮಾತ್ರ, ಡೈಕ್ರೋಮೇಟ್ ಬೇಡ, ಅದರ ಬದಲು ಅಷ್ಟೇ ನೀರು. ಎರಡನೆಯದಕ್ಕೂ ಮೂರನೆಯದಕ್ಕೂ ಪೂರ್ತಿ ಮಿಶ್ರಣ. ಮೂರನ್ನೂ ಮಂದ ಹಳದಿ ಬಲ್ಬಿನ ಕೆಳಗೆ ಫ್ಯಾನ್ ಗಾಳಿಗೆ ಒಣಗಿಸಿ. ಒಂದು, ಎರಡನ್ನು ಒಣಗಿದ ತಕ್ಷಣ, ಬೆಳಕೇ ತೋರಿಸದೆ ನೀರಿಗೆ ಬಿಡಿ. ಮೂರನೆಯದನ್ನು ಕಪ್ಪು ಕವರಿನಲ್ಲಿ ಸಂಜೆ ತನಕ ಇಟ್ಟು ಆಮೇಲೆ ತೊಳೆಯಿರಿ.

ಒಂದನೆಯದರಲ್ಲೇ ಕಲೆ ಉಳಿಯಿತಾ? ತಪ್ಪು ಹಾಳೆಯದ್ದು ಅಥವಾ ಬಣ್ಣದ್ದು. ಹಾಳೆಗೆ ಜೆಲಟಿನ್ ಸೈಜಿಂಗ್ (ನಾರು ಬಣ್ಣ ಕುಡಿಯದ ಹಾಗೆ ಮೊದಲೇ ಬಳಿಯುವ ಲೇಪ) ಸಾಲದು, ಬಣ್ಣದ ಕಣ ನಾರಿನ ಒಳಗೆ ಇಳಿದಿದೆ. ಇಲ್ಲವೇ ಬಣ್ಣವನ್ನೇ ಜಾಸ್ತಿ ಸುರಿದಿದ್ದೀರಿ. ಥಾಲೋ ನೀಲಿಯಂಥವು ಸ್ವಭಾವತಃ ಅಂಟಿಕೊಳ್ಳುತ್ತವೆ. ಕೆಮ್ಮಣ್ಣು, ಅಂಬರ್, ಓಕರ್ ತರಹದ ಮಣ್ಣಿನ ಬಣ್ಣಗಳಿಂದ ಶುರು ಮಾಡಿದರೆ ಕಷ್ಟ ಕಡಿಮೆ. ಒಂದನೆಯದು ಬೆಳ್ಳಗಾಗಿ ಎರಡನೆಯದು ಕಲೆ ಉಳಿಸಿಕೊಂಡರೆ, ಒಣಗಿಸುವಷ್ಟರಲ್ಲೇ ಗಟ್ಟಿಯಾಗಿದೆ: ಬಿಸಿ ಜಾಸ್ತಿ, ಅಥವಾ ಕೋಣೆಗೆ ಬೆಳಕು ನುಗ್ಗುತ್ತಿದೆ. ಎರಡೂ ಬೆಳ್ಳಗಾಗಿ ಮೂರನೆಯದು ಮಾತ್ರ ಕಂದಾದರೆ, ಇಟ್ಟದ್ದೇ ತಪ್ಪು. ನಿಮ್ಮದು ಈ ಮೂರನೆಯದೇ ಅಂತ ನನ್ನ ಅಂದಾಜು. ಮೂರೂ ಬೆಳ್ಳಗಾದರೆ ನೀವು ಬೆಳಕು ಜಾಸ್ತಿ ಕೊಡುತ್ತಿದ್ದೀರಿ, ಅಷ್ಟೇ.

ಪರಿಹಾರ ಕಷ್ಟವಿಲ್ಲ, ಶಿಸ್ತು ಬೇಕು. ಮಳೆಗಾಲದಲ್ಲಿ ಬಳಿಯುವುದು, ಒಣಗಿಸುವುದು, ಬೆಳಕು ಕೊಡುವುದು, ತೊಳೆಯುವುದು ಎಲ್ಲ ಒಂದೇ ಕೂತಿನಲ್ಲಿ ಮುಗಿಯಬೇಕು. ನಡುವೆ ಊಟಕ್ಕೆ ಏಳಬೇಡಿ. ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಹಾಳೆಯನ್ನು ಹಿಂದಿನ ದಿನವೇ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಬಳಿಯುವ ಮುಂಚಿನ ಹಾಳೆ ಮಾತ್ರ, ಬಳಿದ ಮೇಲಿನದ್ದಲ್ಲ. ಒಣಗಿಸಲು ತಣ್ಣನೆ ಗಾಳಿ ಸಾಕು, ಹೇರ್ ಡ್ರೈಯರಿನ ಬಿಸಿ ಬೇಡ. ಕೋಟ್ ತೆಳ್ಳಗಿರಲಿ. ಸ್ಪಂಜಿನ ರೋಲರಿನಿಂದ ಎಳೆದರೆ ಹಾಳೆಯ ಮೈ ಕೋಟಿನ ಅಡಿಯಿಂದ ಕಾಣುತ್ತಿರಬೇಕು. ದಪ್ಪ ಬಳಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ, ಅಡಿಯದು ಕರಗಿ ಇಡೀ ಚಿತ್ರವೇ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಗಾಢ ಕಪ್ಪು ಬೇಕಾದರೆ ತೆಳು ಕೋಟನ್ನೇ ಬಳಿದು ಪ್ರಿಂಟ್ ಮಾಡುವುದನ್ನು ಎರಡು ಮೂರು ಸಲ ಮಾಡಿ.

ನಾರಿನ ಕಾಟವೇ ಬೇಡ ಅನ್ನುವವರು ಯೂಪೋ ತರಹದ ಸಿಂಥೆಟಿಕ್ ಹಾಳೆ ಬಳಸಿ. ಅದು ನೀರು ಕುಡಿಯುವುದಿಲ್ಲ, ಸೈಜಿಂಗ್ ಬೇಡ, ಎಷ್ಟು ಸಲ ತೊಳೆದರೂ ಕುಗ್ಗುವುದಿಲ್ಲ. ಹಾಗಾಗಿ ಎರಡನೇ ಕೋಟಿಗೆ ನೆಗೆಟಿವ್ ಸರಿಯಾಗಿ ಕೂರುತ್ತದೆ. ಮಳೆಗಾಲಕ್ಕೆ ನಾನು ಬೇರೆ ಹಾಳೆ ಮುಟ್ಟುವುದಿಲ್ಲ.

ಬೆಳಕಿಗೆ ಬಿಸಿಲನ್ನು ನಂಬಬೇಡಿ. ಮಡಿಕೇರಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಹತ್ತು ನಿಮಿಷದ ಬೆಳಕು ಇನ್ನೊಂದು ಹತ್ತು ನಿಮಿಷಕ್ಕೆ ಹೊಂದುವುದಿಲ್ಲ. 365ರಿಂದ 400 ನ್ಯಾನೋಮೀಟರಿನ ಯುವಿ ಎಲ್‌ಇಡಿ ಪಟ್ಟಿಗಳನ್ನು ಒಂದು ಪೆಟ್ಟಿಗೆಯೊಳಗೆ ಸಾಲಾಗಿ ಅಂಟಿಸಿ. ವರ್ಷಪೂರ್ತಿ ಒಂದೇ ಬೆಳಕು ಸಿಗುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಒಂದು ಪಟ್ಟಿಯ ಭಾಗಗಳಿಗೆ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟು ನೋಡಿ ನೀವೇ ಕಂಡುಕೊಳ್ಳಬೇಕು. ನನ್ನ ಪೆಟ್ಟಿಗೆಯ ನಿಮಿಷ ನಿಮ್ಮ ಪೆಟ್ಟಿಗೆಗೆ ಬರುವುದಿಲ್ಲ, ಕೇಳಬೇಡಿ.

ಕೋವಿಡ್ ಕಾಲದಲ್ಲಿ ಮೊಬೈಲ್, ಮಾಸ್ಕ್ ಶುದ್ಧ ಮಾಡಲು ತಂದ ಯುವಿ ಪೆಟ್ಟಿಗೆ ಬಳಸಬಹುದು ಅಂತ ಯಾರೋ ಹಬ್ಬಿಸಿದ್ದಾರೆ. ಕೂಡದು. ಟ್ಯೂಬ್ ಇರುವಂಥವು 254 ನ್ಯಾನೋಮೀಟರಿನ ಯುವಿ-ಸಿ ಬಿಡುತ್ತವೆ. ಪ್ರಿಂಟಿಂಗ್ ಫ್ರೇಮಿನ ಗಾಜನ್ನು ಅದು ದಾಟುವುದೇ ಇಲ್ಲ. ಕಣ್ಣನ್ನು ಮಾತ್ರ ಸುಡುತ್ತದೆ.

ತೊಳೆಯುವಾಗ ಹಾಳೆಯನ್ನು ಮುಖ ಕೆಳಗೆ ಮಾಡಿ ತೇಲಿಸಿ, ತಾನಾಗಿ ಬಿಡಲಿ. ಉಜ್ಜಬೇಡಿ. ಬಣ್ಣ ಮೋಡದ ಹಾಗೆ ಕೆಳಗಿಳಿಯುವುದು ನಿಂತ ಮೇಲೆ ಮೆತ್ತಗೆ ಸ್ಪ್ರೇ ಮಾಡಿ. ಕೊನೆಗೆ ಬಿಳಿ ಭಾಗದಲ್ಲಿ ತೆಳು ಹಳದಿ ಛಾಯೆ ಉಳಿದರೆ ಅದು ಮೊಟ್ಟೆಯದ್ದಲ್ಲ, ಉಳಿದ ಡೈಕ್ರೋಮೇಟ್. ನಮ್ಮಲ್ಲಿ ವೈನ್, ಸ್ಕ್ವಾಶ್ ಮಾಡುವವರ ಮನೆಯಲ್ಲಿ ಕೆಎಂಎಸ್ ಅಂತ ಪುಡಿ ಇರುತ್ತದಲ್ಲ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅದರ ಶೇಕಡ ಒಂದರ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಹೋಗುತ್ತದೆ. ಅಡುಗೆಮನೆಯ ಪಾತ್ರೆಯಲ್ಲಿ ಮಾಡಬೇಡಿ.

ಅಮೋನಿಯಂ ಡೈಕ್ರೋಮೇಟ್ ಒಳ್ಳೆಯದಾ, ಪೊಟ್ಯಾಸಿಯಂದಾ? (ಕುಶಾಲನಗರ)

ಅಮೋನಿಯಂದು ನೀರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಕರಗುತ್ತದೆ, ಬೇಗ ಪ್ರಿಂಟ್ ಆಗುತ್ತದೆ. ಆದರೆ ಬೆಂಕಿ ತಾಗಿದರೆ ತಾನೇ ಉರಿದು ಹಸಿರು ಬೂದಿ ಉಗುಳುತ್ತದೆ. ಸೌದೆ ಒಲೆ ಇರುವ ಮನೆಗಳಿಗೆ ನಾನು ಪೊಟ್ಯಾಸಿಯಂದನ್ನೇ ಹೇಳುವುದು. ಸ್ವಲ್ಪ ಜಾಸ್ತಿ ಹೊತ್ತು ಬೆಳಕು ಕೊಡಿ, ಏನೂ ಮುಳುಗಿಹೋಗುವುದಿಲ್ಲ. ಯಾವುದಾದರೂ ಸರಿ, ಮಾಸ್ಕ್ ಮತ್ತು ನೈಟ್ರೈಲ್ ಗ್ಲೌಸ್ ಹಾಕಿ ಒಂದೇ ಸಲ ತೂಗಿ, ನೀರು ಮಾಡಿ, ಬೀಗ ಹಾಕಿಡಿ. ಪ್ರತಿ ಸಲ ಪುಡಿ ಕೆದಕಬೇಡಿ.

ತೊಳೆದ ನೀರನ್ನು ಕಾಫಿ ಗಿಡದ ಬುಡಕ್ಕೆ ಹಾಕಬಹುದಾ? ಮೊಟ್ಟೆ ಗೊಬ್ಬರ ಆಗುತ್ತದಲ್ಲ? (ವಿರಾಜಪೇಟೆ)

ಇಲ್ಲ. ತೋಟಕ್ಕೂ ಬೇಡ, ಚರಂಡಿಗೂ ಬೇಡ, ತೋಡಿಗೂ ಬೇಡ. ನಮ್ಮ ಬಹುಪಾಲು ತೋಡುಗಳು ಕೊನೆಗೆ ಸೇರುವುದು ಕಾವೇರಿಯನ್ನೇ. ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ ಅನ್ನುವವರು ಅದು ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳಲಿ.

ಉಳಿದ ಮಿಶ್ರಣ ಮತ್ತು ಮೊದಲ ಎರಡು ತೊಳೆತದ ನೀರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಡಿ. ಅದಕ್ಕೆ ಸ್ವಲ್ಪ ಸಿಟ್ರಿಕ್ ಆಮ್ಲ ಹಾಕಿ, ಆಮೇಲೆ ವಿಟಮಿನ್ ಸಿ ಪುಡಿ, ಅಂದರೆ ಶುದ್ಧ ಆಸ್ಕಾರ್ಬಿಕ್ ಆಮ್ಲ, ತೂಕದಲ್ಲಿ ಡೈಕ್ರೋಮೇಟಿನ ಎರಡು ಪಟ್ಟು. ಕಿತ್ತಳೆ ಬಣ್ಣ ಹೋಗಿ ಹಸಿರಾಗುತ್ತದೆ. ಕಿತ್ತಳೆಯ ಸುಳಿವೂ ಉಳಿಯಬಾರದು. ಈಗ ಅದು ಮೂರು ವೇಲೆನ್ಸಿಯದ್ದು, ಅಪಾಯ ಬಹಳ ಕಡಿಮೆ. ಹಾಗಂತ ಚೆಲ್ಲುವ ಹಾಗಿಲ್ಲ. ಆ ಕ್ಯಾನಿಗೆ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಪಡೆಯುವ ಪರವಾನಗಿ ಇರುವವರಿಗೆ ಕೊಡಬೇಕು. ದಾರಿ ಗೊತ್ತಾಗದಿದ್ದರೆ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೇಳಿ. ಇಷ್ಟು ತಾಪತ್ರಯ ಆಗುವುದಿಲ್ಲ ಅನ್ನುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ 2017ರಿಂದ ವಿಶೇಷ ಅನುಮತಿ ಇಲ್ಲದೆ ಡೈಕ್ರೋಮೇಟ್ ಬಳಸುವ ಹಾಗಿಲ್ಲ. ಸುಮ್ನೆ ಹಾಗೆ ಮಾಡಿಲ್ಲ ಅವರು.

ಡೈಕ್ರೋಮೇಟ್ ಬದಲು ಅರಿಶಿನ ಹಾಕಿದರೆ ಸಾಕು, ಪೂರ್ತಿ ನೈಸರ್ಗಿಕ ಅಂತ ಒಂದು ಕಾರ್ಯಾಗಾರದಲ್ಲಿ ಹೇಳಿದರು. ನಿಜವಾ? (ಮಡಿಕೇರಿ)

ಸುಳ್ಳು. ಅರಿಶಿನ ಬೆಳಕಿಗೆ ಮಾಸುತ್ತದೆ. ಅದರಿಂದ ಚಿತ್ರ ಮಾಡುವುದು ಬೇರೆಯೇ ವಿಧಾನ, ಆ ಚಿತ್ರವೂ ಬೆಳಕಿಗೇ ಮಾಸಿ ಹೋಗುತ್ತದೆ. ಅರಿಶಿನ ಮೊಟ್ಟೆಯ ಹಳದಿಯನ್ನು ಗಟ್ಟಿ ಮಾಡುವುದಿಲ್ಲ. ಹೀಗೆ ಹೇಳಿ ದುಡ್ಡು ತೆಗೆದುಕೊಳ್ಳುವವರಿಗೆ ಒಂದು ಪ್ರಿಂಟನ್ನು ನಿಮ್ಮ ಎದುರೇ ತೊಳೆದು ತೋರಿಸಲು ಹೇಳಿ.

ಇದಕ್ಕಿಂತ ಸಿಟ್ಟು ಬರುವುದು ಇನ್ನೊಂದಕ್ಕೆ. ಒಂದು ಹೋಂಸ್ಟೇಯಲ್ಲಿ ವಾರಾಂತ್ಯದ ಶಿಬಿರದಲ್ಲಿ ಚಿಕ್ಕ ಮಕ್ಕಳ ಬರಿಗೈಗೆ ಡೈಕ್ರೋಮೇಟ್ ಮಿಶ್ರಣ ಕೊಟ್ಟಿದ್ದನ್ನು ಕಣ್ಣಾರೆ ಕಂಡೆ. ‘ಮೊಟ್ಟೆ ತಾನೇ’ ಅಂದರು. ಮಕ್ಕಳಿಗೆ ಕಲಿಸುವುದಾದರೆ ಸಯನೋಟೈಪ್ ಇದೆ. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದದ್ದು. ಕಬ್ಬಿಣದ ಉಪ್ಪು, ಕ್ರೋಮಿಯಂ ಇಲ್ಲವೇ ಇಲ್ಲ, ತೊಳೆಯಲು ನೀರು ಸಾಕು. ಅದಕ್ಕೂ ಗ್ಲೌಸ್ ಹಾಕಿಸಿ, ಪಕ್ಕದಲ್ಲಿ ದೊಡ್ಡವರು ನಿಂತಿರಲಿ. ತೋಟದ ಜರಿಗಿಡದ ಎಲೆಯನ್ನೇ ಹಾಳೆ ಮೇಲಿಟ್ಟರೆ ಚಂದದ ನೀಲಿ ಚಿತ್ರ ಬರುತ್ತದೆ, ನೆಗೆಟಿವ್ ಕೂಡ ಬೇಡ.

ಇದೂ ಆಲ್ಬುಮೆನ್ ಪ್ರಿಂಟೂ ಒಂದೇ ಅಲ್ವಾ? (ಪೊನ್ನಂಪೇಟೆ)

ಅಲ್ಲ. ಅದು 1850ರದ್ದು, ಬಿಳಿ ಲೋಳೆ ಮತ್ತು ಬೆಳ್ಳಿಯ ಉಪ್ಪಿನದ್ದು.

ಗೋಡೆಗೆ ಹಾಕಿದ ಪ್ರಿಂಟಿಗೆ ಬೂಷ್ಟು ಹಿಡಿಯುತ್ತಿದೆ. ಲ್ಯಾಮಿನೇಟ್ ಮಾಡಿಸಲಾ? (ಭಾಗಮಂಡಲ)

ಮಾಡಿಸಬೇಡಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮಳೆ ಹೊಡೆಯುವ ಕಡೆಯ ಗೋಡೆಯಿಂದ ಮೊದಲು ಇಳಿಸಿ. ಪ್ರಿಂಟಿಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ ಕೊಟ್ಟು ಜಾಗ ಬಿಡಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಈಗ ಹಿಡಿದಿರುವ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆ ಬ್ರಶ್ಶಿನಿಂದ ಕೊಡವಿ.