ಪಾಸ್ಟರ್ ಜೊತೆ ಮಾತು: ಓಟು, ಜಾತಿ, ಬಿಷಪ್ ಎಲೆಕ್ಷನ್

(ಚರ್ಚ್ ಆಫ್ ಸೌತ್ ಇಂಡಿಯಾ ಅಂದರೆ ಸಿಎಸ್‌ಐ ಸಭೆಯ ಪಾಸ್ಟರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಎಲೆಕ್ಷನ್ ಬಂತು ಅಂದರೆ ನಮ್ಮ ಪಾಸ್ಟರ್ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಯಾರಿಗೆ ಓಟು ಹಾಕಬೇಕು ಅಂತ ನೇರವಾಗಿ ಹೇಳಿದರೆ ಏನಾಗುತ್ತೆ?
– ಓದುಗರು, ಕೊಳ್ಳೇಗಾಲ

ಜೈಲಾಗಬಹುದು! ತಮಾಷೆಗೆ ಹೇಳುತ್ತಿಲ್ಲ. ದೇವಸ್ಥಾನ, ಮಸೀದಿ, ಚರ್ಚು ಯಾವುದನ್ನೂ ರಾಜಕೀಯ ಪ್ರಚಾರಕ್ಕೆ ಬಳಸಬಾರದು ಅಂತ 1988ರಲ್ಲೇ ಕಾಯ್ದೆ ಬಂದಿದೆ, 5 ವರ್ಷದ ತನಕ ಶಿಕ್ಷೆ ಇದೆ. ಧರ್ಮದ ಹೆಸರಲ್ಲಿ ಓಟು ಕೇಳುವುದು ಚುನಾವಣಾ ಅಕ್ರಮ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿ ಹೇಳಿದೆ.

ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ನನ್ನ ಮುಂದಿನ ಬೆಂಚುಗಳಲ್ಲಿ ಮೂರೂ ಪಕ್ಷದವರು ಕೂತಿರುತ್ತಾರೆ, ಪ್ರಭು ಭೋಜನದ ಆರಾಧನೆಯಲ್ಲಿ ಎಲ್ಲರಿಗೂ ರೊಟ್ಟಿ ಮುರಿದು ಕೊಡುವವನು ನಾನು. ಆದರೆ ಪಕ್ಷದ ಹೆಸರು ಎತ್ತದಿರುವುದು ಬೇರೆ, ಸುಮ್ನೆ ಇರುವುದು ಬೇರೆ. ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುತ್ತಾರೆ ಅಂತ ಆಮೋಸ ಪ್ರವಾದಿ ಬೈದಿದ್ದು ಬೈಬಲ್‌ನಲ್ಲೇ ಇದೆ. ಅದನ್ನು ಓದಿ ಕೂಲಿಯ ಬಗ್ಗೆ, ಸಾಲದ ಬಗ್ಗೆ ಮಾತಾಡದ ಪಾಸ್ಟರ್ ಬಾಕಿ ಪುಟಗಳನ್ನು ಹೇಗೆ ಓದುತ್ತಾರೋ ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಪ್ರಧಾನಿಗೂ ಮುಖ್ಯಮಂತ್ರಿಗೂ ಪ್ರಾರ್ಥನೆ ಮಾಡುತ್ತೇವೆ, ಅವರು ಯಾವ ಪಕ್ಷದವರೇ ಆಗಿರಲಿ. ಪ್ರಾರ್ಥನೆ ಮಾಡಿದ ಮಾತ್ರಕ್ಕೆ ಅವರ ತಪ್ಪು ಹೇಳಬಾರದು ಅಂತೇನಿಲ್ಲವಲ್ಲ.

ಪ್ರಶ್ನೆ: ಕ್ರಿಸ್ತನಲ್ಲಿ ಜಾತಿ ಇಲ್ಲ ಅಂತ ನೀವೇ ಪ್ರಸಂಗ ಮಾಡುತ್ತೀರಿ. ಮತ್ತೆ ಕ್ರೈಸ್ತ ದಲಿತರಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಬೇಕು ಅಂತೀರಿ. ಇದು ಎರಡು ನಾಲಿಗೆ ಅಲ್ವಾ?
– ಓದುಗರು, ಮಂಗಳೂರು

ಚರ್ಚಿನ ಮಟ್ಟಿಗೆ ನಿಮ್ಮ ಚುಚ್ಚು ಸರಿ. ಜಾತಿ ಇಲ್ಲ ಅಂತ ಹಾಡಿ ಮನೆಗೆ ಹೋದವರೇ ಮಗಳ ಮದುವೆ ಮಾತು ಬಂದಾಗ 'ಮೂಲ ಯಾವುದು' ಅಂತ ಕೇಳುತ್ತಾರೆ. ಅದು ನಮ್ಮ ಪಾಪ, ಇನ್ಯಾರ ಮೇಲೂ ಹಾಕಲಾಗದು.

ಆದರೆ ಸರ್ಕಾರದ ಲೆಕ್ಕ ಬೇರೆ. ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದವರ ಮನೆ ಕೇರಿಯಿಂದ ಎದ್ದು ಬೇರೆ ಬೀದಿಗೆ ಹೋಗಲಿಲ್ಲ, ಭೂಮಿ ಬರಲಿಲ್ಲ, ಊರಿನವರ ಕಣ್ಣೂ ಬದಲಾಗಲಿಲ್ಲ. ಆದರೂ 1950ರ ಆದೇಶ ಪರಿಶಿಷ್ಟ ಜಾತಿ ಪಟ್ಟಿಯನ್ನು ಹಿಂದೂಗಳಿಗೆ ಮಾತ್ರ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಲ್ಲಿ ಇಂಥ ಕ್ರೈಸ್ತ ದಲಿತರಿಗೆ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ಜಾಗ ಇದೆ ನಿಜ, ಆದರೆ ಮೀಸಲು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ. ಇದು ಸರಿಯಲ್ಲ ಅಂತ ನಾನು ಹೇಳುತ್ತೇನೆ, ಪುಲ್ಪಿಟ್ ಮೇಲೆ ನಿಂತೂ ಹೇಳುತ್ತೇನೆ.

ಪ್ರಶ್ನೆ: ಊರಿಗೆಲ್ಲ ನೀತಿ ಹೇಳುವ ನೀವು ಬಿಷಪ್ ಎಲೆಕ್ಷನ್‌ನಲ್ಲಿ ಯಾಕೆ ಗುಂಪು ಕಟ್ಟಿ ಜಗಳ ಮಾಡುತ್ತೀರಿ?
– ಓದುಗರು, ಬೆಂಗಳೂರು

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು.

ಪದ್ಧತಿಯೇನೋ ಚೆನ್ನಾಗಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಪಂಗಡಗಳು ಸೇರಿ ಸಿಎಸ್‌ಐ ಆದಾಗ, ಬಿಷಪ್ ಇರಲಿ, ಆದರೆ ಸಭೆಯವರಿಗೂ, ಅಂದರೆ ಚರ್ಚಿನ ಸಾಮಾನ್ಯ ಸದಸ್ಯರಿಗೂ ಓಟು ಇರಲಿ ಅಂತ ತೀರ್ಮಾನ ಆಯಿತು. ಡಯಾಸಿಸ್ (ಒಬ್ಬ ಬಿಷಪ್ ಕೆಳಗಿನ ಪ್ರಾಂತ್ಯ) ಕೌನ್ಸಿಲ್ ಓಟು ಹಾಕಿ ಹೆಸರುಗಳನ್ನು ಕಳಿಸುತ್ತದೆ, ಅದರಲ್ಲಿ ಒಬ್ಬರನ್ನು ಸಿಎಸ್‌ಐನ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನಡ್ ನೇಮಿಸುತ್ತದೆ. ಕೆಟ್ಟಿದ್ದು ಓಟಿನಿಂದಲ್ಲ, ಆಸ್ತಿಯಿಂದ. ಮಿಷನರಿಗಳು ಬಿಟ್ಟುಹೋದ ಶಾಲೆ, ಕಾಲೇಜು, ಆಸ್ಪತ್ರೆ, ಊರ ನಡುವಿನ ಜಾಗ ಎಲ್ಲ ಡಯಾಸಿಸ್ ಕೈಯಲ್ಲಿದೆ. ಸೀಟು ಯಾರಿಗೆ, ಕೆಲಸ ಯಾರಿಗೆ, ಲೀಸು ಯಾರಿಗೆ ಅನ್ನುವುದು ಕಮಿಟಿಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಆಮೇಲೆ ಗುಂಪು, ಊಟದ ಕೂಟ, ರಾತ್ರಿ ಫೋನು ಎಲ್ಲ ಶುರುವಾಗದೆ ಇರುತ್ತದಾ? ಸಿನಡ್ ಜಗಳವಂತೂ ಮದ್ರಾಸ್ ಹೈಕೋರ್ಟಿಗೂ ಹೋಯಿತು.

ಆಸ್ತಿಯ ಆಡಳಿತವನ್ನು ಬಿಷಪ್ ಕೈಯಿಂದ ಪೂರ್ತಿ ಬೇರೆ ಮಾಡಿ, ಆಡಿಟ್ ಆದ ಲೆಕ್ಕವನ್ನು ಪ್ರತಿ ಸಭೆಯ ನೋಟಿಸ್ ಬೋರ್ಡಿಗೆ ಹಚ್ಚಬೇಕು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಓದಿ ಕೆಲವರು ನನಗೆ ಟ್ರಾನ್ಸ್‌ಫರ್ ಯೋಚಿಸಬಹುದು, ಯೋಚಿಸಲಿ.

ಪ್ರಶ್ನೆ: ನಾವು ಹಿಂದೂಗಳು. ಸುಮ್ನೆ ನೋಡೋಕೆ ನಿಮ್ಮ ಚರ್ಚಿಗೆ ಬರಬಹುದಾ?
– ಓದುಗರು, ತುಮಕೂರು

ಧಾರಾಳವಾಗಿ ಬನ್ನಿ. ಯಾರೂ ಫಾರಂ ತುಂಬಿಸುವುದಿಲ್ಲ. ಸುಗ್ಗಿ ಹಬ್ಬದ ಭಾನುವಾರ ಬಂದರೆ ಇನ್ನೂ ಒಳ್ಳೆಯದು. ಜನ ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ಆರಾಧನೆ ಮುಗಿದ ಮೇಲೆ ಹರಾಜಾಗುತ್ತದೆ. ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡು ಇಟ್ಟುಕೊಂಡು ಬನ್ನಿ, ಅಲ್ಲಿ ನಿಂಬೆಹಣ್ಣಿಗೂ ಪೈಪೋಟಿ ಇರುತ್ತದೆ.