ಹಳೇ ಹಡಗು ಕೊಳ್ಳುವುದು ಬೇಡ, ಮಕ್ಕಳನ್ನು ಕಡಲಿಗೆ ಕಳಿಸೋಣ

ಸೋಮವಾರಪೇಟೆಯ ನಿವೃತ್ತ ಉಪನ್ಯಾಸಕರೊಬ್ಬರ ಪತ್ರ: “ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆಯುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿ ಸಂಕಟವಾಯಿತು. ಸಾವಿರ ಜನಕ್ಕೆ ಮಲಗಲು ಕೋಣೆ, ಊಟದ ಮನೆ, ಸಭಾಂಗಣ ಎಲ್ಲ ಇರುವ ಕ್ರೂಸ್ ಹಡಗುಗಳನ್ನು ಗುಜರಿ ಬೆಲೆಗೆ ಮುರಿಯುತ್ತಾರೆ. ಸರ್ಕಾರ ಅಂಥ ಒಂದನ್ನು ಕೊಂಡು ತೇಲುವ ವಿಶ್ವವಿದ್ಯಾಲಯ ಮಾಡಬಾರದೇ? ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಡಿಗ್ರಿ ಮುಗಿಯುವವರೆಗೂ ಸಮುದ್ರ ನೋಡಿರಲಿಲ್ಲ. ಇದು ಬರೀ ಕನಸೇ?”

ಸಂಪಾದಕರ ಉತ್ತರ:

ಸರ್, ಇದನ್ನು ಸುಮಾರು ನೂರು ವರ್ಷದಿಂದ ಜನ ಮಾಡಿ ನೋಡಿದ್ದಾರೆ. 1926ರ ಸೆಪ್ಟೆಂಬರಿನಲ್ಲಿ ‘ರಿಂಡಾಮ್’ ಎಂಬ ಡಚ್ ಹಡಗು ಸುಮಾರು 500 ವಿದ್ಯಾರ್ಥಿಗಳನ್ನು ಹತ್ತಿಸಿಕೊಂಡು ಅಮೆರಿಕದಿಂದ ಹೊರಟಿತು. ಲೋಕ ಸುತ್ತಿ ವಾಪಸ್ ಬಂದದ್ದು 1927ರ ಮೇ ತಿಂಗಳಲ್ಲಿ. 1963ರಲ್ಲಿ ಶುರುವಾದ ಇನ್ನೊಂದು ಪ್ರಯತ್ನ ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಅವರ ಹಡಗು ಕೊಚ್ಚಿಗೂ ಬಂದು ಹೋಗಿದೆ. ಹಡಗು ಸಾಗುವ ದಿನಗಳಲ್ಲಿ ತರಗತಿ. ಬಂದರಿನಲ್ಲಿ ನಿಂತಾಗ ತರಗತಿ ಬಂದ್, ಎಲ್ಲರೂ ಊರಿಗಿಳಿಯಬೇಕು.

ಮಕ್ಕಳು ಕಡಲಿಗೆ ಹೋಗಬೇಕು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಹಳೇ ಹಡಗು ಕೊಳ್ಳಬೇಕು ಎಂಬುದನ್ನು ಒಪ್ಪಲಾರೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮದೇ ಕನಸನ್ನು ಅತಿ ದೊಡ್ಡದಾಗಿ ಕಂಡವರು ಹಾಂಗ್‌ಕಾಂಗ್‌ನ ಹಡಗು ಉದ್ಯಮಿ ಸಿ.ವೈ. ಟುಂಗ್. 1938ರಲ್ಲಿ ನೀರಿಗಿಳಿದ ‘ಕ್ವೀನ್ ಎಲಿಜಬೆತ್’ ಸುಮಾರು 83,000 ಟನ್ನಿನ ಹಡಗು. ಅದನ್ನು ಟುಂಗ್ 1970ರಲ್ಲಿ ಕೊಂಡರು. ‘ಸೀವೈಸ್ ಯೂನಿವರ್ಸಿಟಿ’ ಎಂದು ಹೊಸ ಹೆಸರಿಟ್ಟು ರಿಪೇರಿಗೆ ಹಣ ಸುರಿದರು. ಕೆಲಸ ಇನ್ನೇನು ಮುಗಿಯುತ್ತದೆ ಅನ್ನುವಾಗ, 1972ರ ಜನವರಿ 9ರಂದು, ಹಾಂಗ್‌ಕಾಂಗ್ ಬಂದರಿನಲ್ಲೇ ಹಲವು ಕಡೆ ಬೆಂಕಿ ಹೊತ್ತಿಕೊಂಡಿತು. ಆರಿಸಲು ಸುರಿದ ನೀರಿನ ಭಾರವೂ ಸೇರಿ ಹಡಗು ಪಕ್ಕಕ್ಕೆ ಮಗುಚಿತು. ಒಂದೇ ಒಂದು ಪಾಠ ಅದರಲ್ಲಿ ನಡೆಯಲಿಲ್ಲ. ಅದೇ ಟುಂಗ್ 1971ರಲ್ಲಿ ಓಡಿಸಿದ ಎಷ್ಟೋ ಚಿಕ್ಕ ಹಡಗು ‘ಯೂನಿವರ್ಸ್ ಕ್ಯಾಂಪಸ್’ ಮಾತ್ರ 90ರ ದಶಕದವರೆಗೂ ವಿದ್ಯಾರ್ಥಿಗಳನ್ನು ಹೊತ್ತು ತಿರುಗಿತು.

ಬೆಂಕಿ ಅವಘಡ ಬಿಡಿ, ಎಲ್ಲಾದರೂ ಆಗಬಹುದು. ಜಾಸ್ತಿ ಯೋಚಿಸಬೇಕಾದದ್ದು ಖರ್ಚಿನ ಬಗ್ಗೆ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಳೇ ಸೈನಿಕ ಹಡಗುಗಳನ್ನು ಶಾಲಾ ಹಡಗುಗಳಾಗಿ ಬದಲಿಸಿತ್ತು. ಇಂಗ್ಲೆಂಡಿನ ಮಕ್ಕಳು ಅದರಲ್ಲಿ ಗುಂಪು ಗುಂಪಾಗಿ ಹೋಗುತ್ತಿದ್ದರು. ಅವುಗಳಲ್ಲಿ ‘ನೆವಾಸಾ’ ಎಂಬುದು 1965ರಿಂದ ಚೆನ್ನಾಗಿಯೇ ಓಡುತ್ತಿತ್ತು. 1973ರಲ್ಲಿ ತೈಲದ ಬೆಲೆ ಏರಿತು. ಮರುವರ್ಷ ಅದರ ಓಡಾಟ ನಿಂತಿತು, 1975ರಲ್ಲಿ ಅದನ್ನು ಒಡೆದರು. ಆಗ ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಕೊಡಗಿನಲ್ಲಿ ಹಳೇ ಐನ್‌ಮನೆ ನೋಡಿಕೊಳ್ಳುವ ಕುಟುಂಬದವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆ ಹಿರಿಯರಿಂದ ಬಂದದ್ದು, ದುಡ್ಡು ಕೊಟ್ಟಿಲ್ಲ. ಆದರೆ ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು, ತೊಲೆ, ಗೋಡೆ ಅಂತ ಕೈಯಿಂದ ಹೋಗುತ್ತಲೇ ಇರುತ್ತದೆ, ಅಲ್ವಾ? ಹಡಗಿನಲ್ಲಿ ಇದು ದಿನದಿನದ ಖರ್ಚು. ಬಂದರಿನಲ್ಲಿ ಸುಮ್ನೆ ನಿಂತಿದ್ದರೂ ಸಾಮಾನ್ಯವಾಗಿ ಜನರೇಟರ್ ಓಡಬೇಕು. ದೀಪ, ಅಡುಗೆ, ಗಾಳಿ, ಕುಡಿಯುವ ನೀರು ಎಲ್ಲವೂ ಅದರ ಮೇಲೆ ನಿಂತಿವೆ. ಉಪ್ಪುನೀರು ತಗಡನ್ನು ತಿನ್ನುತ್ತಿರುತ್ತದೆ. ಐದು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ. ಹಡಗು ಹಳತಾದಷ್ಟೂ ಆ ತಪಾಸಣೆಯಲ್ಲಿ ಬದಲಿಸಬೇಕಾದ ಉಕ್ಕು ಹೆಚ್ಚು.

ನಿಯಮಗಳೂ ಬಿಗಿಯಾಗಿವೆ, ಬಿಗಿಯಾಗಲೇಬೇಕಿತ್ತು. ಒಳಗೆ ಮರದಂಥ ಉರಿಯುವ ಸಾಮಗ್ರಿ ತುಂಬಿದ ಹಳೇ ಪ್ರಯಾಣಿಕ ಹಡಗುಗಳು 2010ರ ಅಕ್ಟೋಬರ್ ನಂತರ ವಿದೇಶಿ ಯಾನ ಮಾಡುವಂತಿಲ್ಲ. 2020ರಿಂದ ಗಂಧಕ ಕಡಿಮೆ ಇರುವ ದುಬಾರಿ ಇಂಧನ ಬೇಕು, ಇಲ್ಲವೇ ಹೊಗೆ ತೊಳೆಯುವ ಯಂತ್ರ ಕೂರಿಸಬೇಕು. ನಮ್ಮ ಮಕ್ಕಳನ್ನು ಈ ನಿಯಮಗಳಿಂದ ತಪ್ಪಿಸಿಕೊಂಡ ಹಡಗಿಗೆ ಹತ್ತಿಸಲು ನನಗಂತೂ ಮನಸ್ಸಿಲ್ಲ. ಜತೆಗೆ, ನೆಲದ ಮೇಲೆ ಗಟ್ಟಿಯಾಗಿ ನಿಂತಿರುವ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವನ್ನೇ ದುಡ್ಡಿಲ್ಲವೆಂದು ಮುಚ್ಚುವ ಮಾತು 2025ರಲ್ಲಿ ಎದ್ದಿತ್ತು. ಅಂಥ ಸರ್ಕಾರದ ಕೈಗೆ ಹಡಗು ಕೊಟ್ಟರೆ ಅದರ ಗತಿ ಏನಾದೀತು?

ಹಾಗಾದರೆ ದಾರಿ ಏನು? ನಮ್ಮ ದೇಶದಲ್ಲೇ ಒಂದು ಮಾದರಿ ಇತ್ತು. ‘ಡಫರಿನ್’ ಎಂಬ ಹಳೇ ಸೈನಿಕ ಹಡಗನ್ನು 1927ರಲ್ಲಿ ಮುಂಬಯಿಯ ಮಜಗಾಂವ್ ಬಳಿ ಕಟ್ಟಿ ನಿಲ್ಲಿಸಿ, ಭಾರತದ ಹುಡುಗರನ್ನು ವಾಣಿಜ್ಯ ಹಡಗುಗಳ ಅಧಿಕಾರಿಗಳಾಗಲು ತಯಾರು ಮಾಡಿದರು. ಅಲ್ಲಿಯವರೆಗೆ ಆ ಕೆಲಸಗಳು ಹೆಚ್ಚುಕಡಿಮೆ ಬಿಳಿಯರ ಪಾಲಾಗಿದ್ದವು. 1972ರವರೆಗೆ ಅದು ಕಾಲೇಜಾಗಿಯೇ ಇತ್ತು. ನಂತರ ‘ರಾಜೇಂದ್ರ’ ಎಂಬ ತರಬೇತಿ ಹಡಗು ಬಂತು. 1993ರಲ್ಲಿ ನವಿ ಮುಂಬಯಿಯ ನೆಲದ ಮೇಲೆ ‘ಚಾಣಕ್ಯ’ ಎಂಬ ಕಾಲೇಜು ಶುರುವಾಯಿತು. ಕಡಲ ಕೆಲಸ ಕಲಿಯುವವರಿಗೆ ಡಫರಿನ್ ಸರಿಯಾಗಿತ್ತು. ನೀವು ಬಯಸುವುದು ಎಲ್ಲ ವಿಷಯದ ಮಕ್ಕಳಿಗೂ ಲೋಕ ತೋರಿಸುವುದನ್ನು. ಅದಕ್ಕೆ ಕಟ್ಟಿ ನಿಲ್ಲಿಸಿದ ಹಡಗು ಸಾಲದು.

ಸೆಮಿಸ್ಟರ್ ಅಟ್ ಸೀ ಈಗ ಮಾಡುತ್ತಿರುವುದು ನನಗೆ ಹಿಡಿಸಿದೆ. ಅವರ ‘ವರ್ಲ್ಡ್ ಒಡಿಸ್ಸಿ’ 1998ರ ಹಡಗು. 2015ರಲ್ಲಿ ಅವರ ಕೆಲಸಕ್ಕೆ ಬಂದಾಗಿನಿಂದ ಬೇಸಿಗೆಯಲ್ಲಿ ಅದು ‘ಡೋಯ್ಚ್‌ಲಾಂಡ್’ ಎಂಬ ಹಳೇ ಹೆಸರಲ್ಲಿ ಜರ್ಮನ್ ಪ್ರವಾಸಿಗರನ್ನು ಸುತ್ತಿಸುತ್ತಾ ಬಂದಿದೆ. ಉಳಿದ ತಿಂಗಳು ವಿದ್ಯಾರ್ಥಿಗಳದ್ದು. ಅಂದರೆ ಹಡಗಿನ ಹೊರೆ ಶಿಕ್ಷಣ ಒಂದರ ತಲೆಮೇಲೇ ಬೀಳುವುದಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕ್ರೂಸ್ ಸೀಸನ್ ಮಳೆ ಮುಗಿದ ಮೇಲೆ ಶುರುವಾಗುತ್ತದೆ. ಜನ ಕಡಿಮೆ ಇರುವ ವಾರಗಳಲ್ಲಿ ಓಡುತ್ತಿರುವ ಹಡಗನ್ನೇ ಹತ್ತು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಬಹುದು. ಕೊಡಗಿನ ಕಾಲೇಜುಗಳಿಂದಲೇ ಹಡಗು ತುಂಬುವುದಿಲ್ಲ. ದಕ್ಷಿಣ ಕನ್ನಡ, ಹಾಸನ, ಮೈಸೂರು ಸೇರಬೇಕು. ಮಂಗಳೂರಿನ ಪಣಂಬೂರಿನಿಂದ ಹೊರಟು ಕೊಚ್ಚಿ, ಕೊಲಂಬೊ, ಅಲ್ಲಿಂದ ಪೂರ್ವ ಕರಾವಳಿಯ ಕಾರೈಕಾಲ್. ರಾಮೇಶ್ವರದ ಕಡೆ ಕಡಲು ಆಳವಿಲ್ಲ, ದೊಡ್ಡ ಹಡಗು ಶ್ರೀಲಂಕಾವನ್ನು ಬಳಸಿಯೇ ಹೋಗಬೇಕು. ಭೂಗೋಳದ ಮೊದಲ ಪಾಠ ಅಲ್ಲೇ ಆಯಿತು. ಕಾರೈಕಾಲಿನಿಂದ, ಕಾವೇರಿ ಕಡಲು ಸೇರುವ ಪೂಂಪುಹಾರ್ ಹತ್ತಿರ. ತಲಕಾವೇರಿಯಲ್ಲಿ ತೀರ್ಥ ತೆಗೆದುಕೊಂಡು ಬೆಳೆದ ಮಕ್ಕಳು ಆ ನದಿ ಕಡಲು ಸೇರುವ ಜಾಗದಲ್ಲಿ ನಿಂತು, ಮೆಟ್ಟೂರು ಅಣೆಕಟ್ಟು ದಾಟಿದ ನೀರಿಗೆ ಕಾಯುವ ರೈತರೊಡನೆ ಮಾತಾಡಬೇಕು. ಕಾವೇರಿ ಜಗಳದ ಬಗ್ಗೆ ಕೊಠಡಿಯಲ್ಲಿ ಎಷ್ಟು ಹೇಳಿದರೂ ಅಷ್ಟು ನಾಟುವುದಿಲ್ಲ.

ಕಾಮರ್ಸ್ ಮಕ್ಕಳಿಗೆ ಕಾಫಿಯೇ ಸಾಕು. ನಮ್ಮ ಕಾಫಿ ಅತಿ ಹೆಚ್ಚು ಹೋಗುವುದು ಇಟಲಿಗೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಸಾಗಣೆ ದರ ಹೇಗೆ ಏರಿತು ಅಂತ ನಮ್ಮ ರಫ್ತುದಾರರಿಗೆ ಗೊತ್ತು. ಆ ಲೆಕ್ಕವನ್ನು ಕಂಟೇನರ್ ಏರಿಸುವ ಕ್ರೇನ್ ಪಕ್ಕದಲ್ಲೇ ಕಲಿಯಲಿ. ವಿಜ್ಞಾನದವರಿಗೆ ಮುಂಗಾರು ಇದೆ. 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳನ್ನು ಕುಸಿಯುವಂತೆ ಮಾಡಿದ ಮಳೆ ಎದ್ದು ಬಂದದ್ದು ಕಡಲಿನಿಂದಲೇ.

ಖರ್ಚಿನ ವಿಷಯದಲ್ಲಿ ನನ್ನದು ಒಂದೇ ಹಟ. ದುಡ್ಡಿರುವವರ ಮಕ್ಕಳು ಮಾತ್ರ ಹೋಗುವುದಾದರೆ ಇದು ಬೇಡವೇ ಬೇಡ. ತೋಟದ ಲೈನ್‌ಮನೆಯ ಕಾರ್ಮಿಕರ ಮಕ್ಕಳಿಗೆ, ಆದಿವಾಸಿ ಹಾಡಿಯ ಮಕ್ಕಳಿಗೆ ಮೊದಲು ಸೀಟು ಇಟ್ಟು ಆಮೇಲೆ ಉಳಿದವರ ಪಟ್ಟಿ ಮಾಡಬೇಕು. ಬೆಳೆಗಾರರ ಸಂಘಗಳು, ಸಹಕಾರ ಬ್ಯಾಂಕುಗಳು ಕೈಜೋಡಿಸಲಿ. ಬೇರೆ ಬೇರೆ ಕಡೆ ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ 2021ರಿಂದ ಇರುವುದರಿಂದ, ವಿಶ್ವವಿದ್ಯಾಲಯ ಒಪ್ಪಿದರೆ ಈ ಹತ್ತು ದಿನದ ಓದನ್ನು ಡಿಗ್ರಿಗೂ ಸೇರಿಸಬಹುದು. ಒಪ್ಪಿಸಲು ಪಕ್ಕಾ ಪಠ್ಯ ಬೇಕು, ಬರೀ ಪ್ರವಾಸದ ಪಟ್ಟಿ ಸಾಲದು.

ಆ ಪಠ್ಯವನ್ನು ನೀವೇ ಬರೆಯಬೇಕು ಸರ್. ಯಾವ ದಿನ ಯಾವ ಪಾಠ, ಯಾವ ಬಂದರಿನಲ್ಲಿ ಏನು ನೋಡಬೇಕು, ಮಕ್ಕಳು ವಾಪಸ್ ಬಂದು ಏನು ಬರೆದುಕೊಡಬೇಕು ಎಂಬುದು ಅದರಲ್ಲಿರಲಿ. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಯ ಅಧ್ಯಾಪಕರನ್ನೂ ಜತೆಗೆ ಕೂರಿಸಿಕೊಳ್ಳಿ. ಹುತ್ತರಿ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ಖಾಲಿ ಬಿಟ್ಟಿರುತ್ತೇವೆ.

– ಸಂಪಾದಕ